ಗೌರಿಯ ಹಣೆಗೆ ಹಾಕಿದ ನೀರು

ಸಿಸ್ಟರ್ ಅಪೊಲೊನಿಯಾ ತಮ್ಮ ಮೇಲಿನವರ ಹತ್ತಿರ ಜೀವಮಾನದಲ್ಲಿ ಬೇಡಿಕೊಂಡದ್ದು ಒಂದೇ. ಕಲಕತ್ತೆಯ ಬಾಲಿಗಂಜ್ ಸ್ಟೇಷನ್ನಿನ ಹಿಂದಿನ ಆ ಹಳದಿ ಮನೆಯಿಂದ ತನ್ನನ್ನು ಇನ್ನು ಎಬ್ಬಿಸಬಾರದು, ಸತ್ತರೆ ಅಲ್ಲೇ ಸಾಯಬೇಕು. ಅದು ಅವರಿಗೆ ಸಿಗಲಿಲ್ಲ. ಸಿಗದೆ ಹೋದದ್ದಕ್ಕೆ ನಾನು ಕಾರಣ. ಎಲ್ಲಾ ನನ್ನಿಂದಲೇ ಆಯಿತು ಅಂದುಕೊಳ್ಳುವುದೂ ಒಂಥರಾ ಜಂಬವೇ ಕಣೇ ಎಂದು ನಮ್ಮ ಮನೆಯವರು ಅನ್ನುತ್ತಾರೆ. ಇರಬಹುದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅವರು ಉಡುಪಿ ಹತ್ತಿರದ ಮೂಡುಬೆಳ್ಳೆಯವರು. ಅಪ್ಪ ಗೇಣಿಗೆ ಗದ್ದೆ ಮಾಡುತ್ತಿದ್ದರಂತೆ; ಒಂಬತ್ತು ಮಕ್ಕಳಲ್ಲಿ ಇವರು ಏಳನೆಯವರು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಹದಿನೇಳು ತುಂಬಿದ ವರ್ಷ ಊರಿನ ಇಗರ್ಜಿಗೆ ಬಂದಿದ್ದ ಒಬ್ಬ ಕನ್ಯಾಸ್ತ್ರೀಯ ಜೊತೆ ಬಂಗಾಳದ ರೈಲು ಹತ್ತಿದರು. ಎಷ್ಟೋ ದಿನದ ಪ್ರಯಾಣ. ಅಮ್ಮ ಕಟ್ಟಿಕೊಟ್ಟ ತಿಂಡಿ ಎರಡನೆಯ ದಿನಕ್ಕೇ ಹಳಸಿತ್ತು. “ಹಳಸಿದ್ದೇ ತಿಂದೆ ಮಾರಾಯ್ತಿ. ಬಿಸಾಡಿದ್ರೆ ಅಮ್ಮನನ್ನೇ ಬಿಸಾಡಿದ ಹಾಗೆ ಆಗ್ತಿತ್ತು” ಎಂದು ಒಮ್ಮೆ ಹೇಳಿದ್ದರು. ಅಮ್ಮನನ್ನು ಅವರು ಮತ್ತೆ ನೋಡಿದ್ದು ಒಂದೇ ಸಲ. ಅಪ್ಪನನ್ನು ನೋಡಲೇ ಇಲ್ಲ.

ಅವರ ಸಂಘದಲ್ಲಿ ಪ್ರತಿ ಮೇ ತಿಂಗಳು ಮೇಲಿನಿಂದ ಕಾಗದ ಬರುತ್ತದೆ. ಯಾರು ಯಾವ ಊರಿಗೆ ಹೋಗಬೇಕು ಅಂತ ಅದರಲ್ಲಿರುತ್ತದೆ. ಯಾಕೆ ಎಂದು ಕೇಳುವ ಹಾಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ, ಅದರಲ್ಲಿ ಹಿಡಿಸಿದ್ದು ಮಾತ್ರ ಅವರದ್ದು. ಸಿಸ್ಟರ್ ಹಾಗೆ ಆಸನ್‌ಸೋಲ್, ಕೃಷ್ಣನಗರ, ಪುರುಲಿಯಾ ಕಡೆಯ ಕುಷ್ಠರೋಗಿಗಳ ಮನೆ, ಎಲ್ಲಾ ಸುತ್ತಿ ಬಾಲಿಗಂಜಿಗೆ ಬಂದರು. ಇಲ್ಲಿಯ ದವಾಖಾನೆ ನೋಡಿಕೊಳ್ಳಲು ಬೇರೆ ಯಾರೂ ಸಿಗದೆ ಇಪ್ಪತ್ತೊಂದು ವರ್ಷ ಉಳಿದುಬಿಟ್ಟರು. ಪೂರ್ವ ಬಂಗಾಳದಿಂದ ಓಡಿಬಂದವರು ರೈಲು ಹಳಿಯ ಪಕ್ಕ ಗುಡಿಸಲು ಹಾಕಿಕೊಂಡಿದ್ದ ಬಸ್ತಿಗೆ ಅದೊಂದೇ ದವಾಖಾನೆ. ಮೊದಲ ವರ್ಷ ಅವರು ಹೊಕ್ಕುಳ ಬಳ್ಳಿ ಕತ್ತರಿಸಿದ್ದ ಹುಡುಗಿಯರು ಈಗ ತಮ್ಮ ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದರು. “ಬೇರೆ ಕಡೆ ಎಲ್ಲಾ ನಾನು ಗಿಡ ನೆಟ್ಟು ಹೋದವಳು. ಇಲ್ಲಿ ಮಾತ್ರ ಹಣ್ಣು ಕಂಡೆ. ಅದಕ್ಕೆ ಇಲ್ಲೇ ಇರ್ತೇನೆ ಅಂತ ಕಾಗದ ಬರೆದೆ.” ಅದಕ್ಕೆ ಮೇಲಿನವರು ‘ನೋಡೋಣ’ ಎಂದು ಉತ್ತರ ಬರೆದಿದ್ದರು.

ನಾನು ಬೆಂಗಳೂರಿನವಳು. ಕಾಲೇಜಿನಲ್ಲಿರುವಾಗಲೇ ಅಮ್ಮ ಹೋದಳು. ಮದುವೆಯಾಗಿ ಬಂದದ್ದು ಉಡುಪಿ ಕಡೆಯ ಮನೆತನಕ್ಕೆ. ನಮ್ಮವರು ಬಾಲಚಂದ್ರ, ರೈಲ್ವೆ ಕಚೇರಿ, ಬಿಬಿಡಿ ಬಾಗಿನ ಹತ್ತಿರ. ಎಪ್ಪತ್ತೆಂಟರಲ್ಲಿ ನಾನು ಬಸುರಿ. ಕರೆಂಟು ದಿನಕ್ಕೆ ಆರು ಗಂಟೆ ಇರುತ್ತಿರಲಿಲ್ಲ. ಗೊತ್ತಿಲ್ಲದ ಊರು, ಅರ್ಥವಾಗದ ಭಾಷೆ, ಹೊಟ್ಟೆಯಲ್ಲಿ ಕೂಸು ಅಲುಗಾಡಿದರೂ ಭಯ, ಅಲುಗಾಡದಿದ್ದರೂ ಭಯ. ಸ್ಟೇಷನ್ನಿನ ಹೊರಗಿನ ಮಾರುಕಟ್ಟೆಯಲ್ಲಿ ಒಂದು ದಿನ ಬಿಳಿ ಸೀರೆಯ ಕನ್ಯಾಸ್ತ್ರೀಯೊಬ್ಬರು ಪಡವಲಕಾಯಿಯವನ ಜೊತೆ ಬಂಗಾಳಿಯಲ್ಲಿ ಜಗಳ ಕಾಯುತ್ತಿದ್ದರು. ಬಸ್ತಿಯಲ್ಲಿ ಕಲಿತ ಬಂಗಾಳಿ, ಬೈಗುಳವೇ ಜಾಸ್ತಿ. ಸುತ್ತ ಇದ್ದವರೆಲ್ಲ ನಗುತ್ತಿದ್ದರು. ಸೋತು ಈಚೆ ತಿರುಗಿ, “ಎಂಥ ಕರ್ಮ ಇವನದ್ದು” ಎಂದರು, ಕನ್ನಡದಲ್ಲಿ. ನಾನು ಅಲ್ಲೇ ಅಳಲು ಶುರು ಮಾಡಿದೆ.

“ಅಯ್ಯೋ! ನಾನು ಬೈದದ್ದು ನಿನಗಲ್ಲ ಮಗಾ!”

ಆಮೇಲೆ ಅವರೇ ನನ್ನನ್ನು ದವಾಖಾನೆಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು. ವಾರಕ್ಕೊಮ್ಮೆ ಅಂತ ಶುರುವಾದದ್ದು ದಿನಕ್ಕೊಮ್ಮೆ ಆಯಿತು.

ದವಾಖಾನೆಯಿದ್ದ ಆ ಹಳದಿ ಮನೆಯಲ್ಲಿ ಇದ್ದವರು ಆರು ಜನ ಸಿಸ್ಟರುಗಳು. ಬೆಳಗ್ಗೆ ನಾಲ್ಕೂವರೆಗೆ ಗಂಟೆ. ಊಟ ಮೌನದಲ್ಲಿ, ಒಬ್ಬರು ನಿಂತು ಏನಾದರೂ ಓದಬೇಕು, ಮಿಕ್ಕವರು ಕೇಳುತ್ತಾ ಉಣ್ಣಬೇಕು. ಓದು ಶುರುವಾಗುವ ಮೊದಲು ಒಂದು ಕಪ್ಪು ರಟ್ಟಿನ ಪುಸ್ತಕ ತೆಗೆಯುತ್ತಾರೆ. ಅವರ ಸಂಘದ ಯಾವ ಸಿಸ್ಟರ್ ಯಾವ ವರ್ಷದಲ್ಲಾಗಲಿ ಅದೇ ತಾರೀಖಿಗೆ ತೀರಿಕೊಂಡಿದ್ದರೆ ಅವರ ಹೆಸರು, ಹುಟ್ಟಿದ ಊರು, ಸತ್ತ ಊರು, ವಯಸ್ಸು. ಒಬ್ಬರಿಗೆ ಒಂದು ಸಾಲು. ದೇಶದಲ್ಲಿ ಅವರ ಮನೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲಾ ಆ ದಿನ ಆ ಸಾಲು ಓದುತ್ತಾರೆ. ನನಗೆ ಕೇಳಿಯೇ ಮೈ ಜುಂ ಅಂದಿತು. ಊಟದ ಹೊತ್ತಿಗೆ ಸತ್ತವರ ಪಟ್ಟಿಯೇ?

“ಮತ್ತೆ ಯಾವಾಗ ಓದುವುದು? ನಮಗೆ ಮಕ್ಕಳಾ ಮರಿಯಾ, ತಿಥಿ ಮಾಡ್ಲಿಕ್ಕೆ?” ಎಂದು ಸಿಸ್ಟರ್ ನಕ್ಕರು. “ನನ್ನದು ಸಣ್ಣ ಸಾಲು ಸಾಕು. ‘ಬಾಲಿಗಂಜಿನಲ್ಲಿ ತೀರಿಕೊಂಡರು’ ಅಂತ ಇದ್ರೆ ಆಯ್ತು.”

ತಿಂಗಳ ಮೊದಲ ಶುಕ್ರವಾರ ಅವರೆಲ್ಲ ಸೇರಿ ಒಬ್ಬೊಬ್ಬರಾಗಿ ಮೊಣಕಾಲೂರಿ ತಮ್ಮ ತಪ್ಪುಗಳನ್ನು ಎಲ್ಲರೆದುರು ಹೇಳಿಕೊಳ್ಳಬೇಕು. ಇದು ಹಳೆಯ ಪದ್ಧತಿ, ಬಹಳ ಕಡೆ ಬಿಟ್ಟಿದ್ದಾರಂತೆ. ಈ ಮನೆಯಲ್ಲಿ ಬಿಟ್ಟಿರಲಿಲ್ಲ. “ನೀವೇನು ಹೇಳ್ತೀರಿ?” ಎಂದು ಕೇಳಿದ್ದೆ. “ಥರ್ಮಾಮೀಟರ್ ಒಡೆದೆ. ಅಡುಗೆ ಸಿಸ್ಟರಿಗೆ ಎಮ್ಮೆ ಅಂದೆ. ಅವಳು ಅಡುಗೆ ಮಾಡುವುದು ಹಾಗೇ, ಆದ್ರೂ ಅನ್ನಬಾರದಲ್ಲ.”

ಬಾಣಂತನಕ್ಕೆ ಅತ್ತೆ ರತ್ನಾವತಿ ಉಡುಪಿಯಿಂದ ಬಂದರು. ಅತ್ತೆ ಮಡಿಯವರು. ಮೊದಲ ದಿನವೇ ಸಿಸ್ಟರನ್ನು ಮೇಲಿಂದ ಕೆಳಗೆ ನೋಡಿದರು.

“ಮೀನು ತಿನ್ನುವ ಕೈಯಲ್ಲಿ ನನ್ನ ಸೊಸೆಯನ್ನು ಮುಟ್ಟುವುದಾ ನೀವು?”

“ಅಮ್ಮ, ಪರ್ಯಾಯಕ್ಕೆ ನಿಮ್ಮ ಮಠಕ್ಕೆ ಹೊರೆಕಾಣಿಕೆ ಗಾಡಿ ಹೊಡ್ಕೊಂಡು ಹೋದವರು ನಮ್ಮ ಅಪ್ಪ. ಅವರು ಹೊತ್ತು ಹಾಕಿದ ಕುಂಬಳಕಾಯಿ ನೀವು ಸಾರು ಮಾಡಿ ಉಂಡಿದ್ದೀರಿ. ಆಗ ಕೇಳಿದ್ರಾ, ಕೈ ಯಾರದ್ದು ಅಂತ?”

ಅತ್ತೆಗೆ ನಗು ತಡೆಯಲಾಗಲಿಲ್ಲ. ಆಮೇಲೆ ಇಬ್ಬರೂ ತುಳುವಿಗೆ ಇಳಿದರು, ನನಗೆ ಒಂದಕ್ಷರ ತಿಳಿಯದ ಹಾಗೆ. ಆದರೆ ಹೋಗುವಾಗ ಅತ್ತೆ ಕನ್ನಡದಲ್ಲೇ, ನನಗೂ ಕೇಳಲಿ ಎಂದು ಹೇಳಿದರು. “ನೋಡಿ ಸಿಸ್ಟ್ರೇ, ಔಷಧಿ ಕೊಡಿ, ಸೂಜಿ ಹಾಕಿ. ನಿಮ್ಮ ಆ ನೀರು ಗೀರು ಮಾತ್ರ ನಮ್ಮ ಕೂಸಿಗೆ ಬೇಡ.”

“ನಿಮ್ಮ ಕೂಸನ್ನು ನಿಮ್ಮ ಕೂಸಾಗಿಯೇ ನಿಮ್ಮ ಕೈಗೆ ಕೊಡ್ತೇನೆ. ಇದು ನನ್ನ ಮಾತು” ಅಂದರು ಸಿಸ್ಟರ್.

ಆಗಸ್ಟಿನಲ್ಲಿ ಮಗಳು ಹುಟ್ಟಿದಳು. ನಾಮಕರಣದ ದಿನ ಗೌರಿ ಹಬ್ಬವೇ ಬಂದದ್ದರಿಂದ ಗೌರಿ ಎಂದೇ ಹೆಸರಾಯಿತು. ಅವಳಿಗೆ ಐದು ವಾರವಾದಾಗ ಆ ಮಳೆ ಬಂತು. ಆ ವರ್ಷ ಕಲಕತ್ತೆಯಲ್ಲಿದ್ದವರಿಗೆ ಬೇರೆ ಹೇಳಬೇಕಾಗಿಲ್ಲ. ಮೂರು ದಿನ ಬಿಡದೆ ಸುರಿಯಿತು. ಓಣಿಯಲ್ಲಿ ಸೊಂಟದ ನೀರು. ಇವರು ಕಚೇರಿಯಲ್ಲೇ ಸಿಕ್ಕಿಹಾಕಿಕೊಂಡರು. ಸೀಮೆಎಣ್ಣೆ ಮುಗಿದಿತ್ತು. ಒಂದೇ ಒಂದು ಸಲ, ಒಂದು ಬಾಟಲಿ ಹಾಲಿಗೆ, ನಾನು ಕಾಯಿಸದ ನೀರು ಬೆರೆಸಿದೆ. ಕೂಸು ಅಳುತ್ತಿತ್ತು, ಏನು ಮಾಡಲಿ. ಬೆಳಗಾಗುವಷ್ಟರಲ್ಲಿ ಭೇದಿ. ಮಧ್ಯಾಹ್ನಕ್ಕೆ ಅವಳ ಕಣ್ಣು ಗುಳಿ ಬಿದ್ದು ನೆತ್ತಿ ಒಳಗೆ ಹೋಗಿತ್ತು. ಅಳುವುದನ್ನೂ ನಿಲ್ಲಿಸಿದ್ದಳು.

ಅತ್ತೆಯನ್ನು ಮನೆಯಲ್ಲೇ ಬಿಟ್ಟು, ಕೂಸನ್ನು ಹಿತ್ತಾಳೆ ಬೋಗುಣಿಯಲ್ಲಿ ಮಲಗಿಸಿ ತಲೆಯ ಮೇಲೆ ಹೊತ್ತುಕೊಂಡು ನೀರಿನಲ್ಲಿ ನಡೆದೆ. ಆಸ್ಪತ್ರೆಗೆ ಹೋಗುವ ದಾರಿಯೇ ಇರಲಿಲ್ಲ. ಹಳದಿ ಮನೆಯ ಮಹಡಿಯಲ್ಲಿ ಬಸ್ತಿಯ ಜನ ತುಂಬಿದ್ದರು. ಸಿಸ್ಟರ್ ಕೂಸನ್ನು ಕಿತ್ತುಕೊಂಡವರೇ ಪಕ್ಕದ ಸಣ್ಣ ಕೋಣೆಗೆ ಹೋದರು. ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಇಂಕ್ ಫಿಲ್ಲರಿನಲ್ಲಿ ಹನಿ ಹನಿಯಾಗಿ ಬಾಯಿಗೆ ಬಿಡುತ್ತಾ ಕೂತರು. ನಾನು ಪಕ್ಕದಲ್ಲಿ ನಿಂತು ನಡುಗುತ್ತಿದ್ದೆ. “ನೀನಿಲ್ಲಿ ನಿಂತ್ರೆ ನನ್ನ ಕೈಯೂ ನಡುಗ್ತದೆ. ಹೋಗು, ಅಡುಗೆಮನೆಯಲ್ಲಿ ನೀರು ಕಾಯಿಸು” ಎಂದು ಕಳಿಸಿದರು.

ಒದ್ದೆ ಸೌದೆ ಹತ್ತಲು ಎಷ್ಟು ಹೊತ್ತು ಹಿಡಿಯಿತೋ ನನಗೆ ಗೊತ್ತಿಲ್ಲ. ನೀರು ತೆಗೆದುಕೊಂಡು ಬಂದಾಗ ಸಿಸ್ಟರಿನ ಮುಖ ಬೂದಿಯ ಹಾಗಿತ್ತು. ಕೂಸಿನ ಹಣೆ ಒದ್ದೆಯಾಗಿತ್ತು. ಬೆವರು ಅಂದುಕೊಂಡೆ. ಅವರು ನನ್ನ ಬೆರಳು ಹಿಡಿದು ಗೌರಿಯ ಮೂಗಿನ ಕೆಳಗೆ ಇಟ್ಟರು. “ನೋಡು, ಉಂಟು. ಉಸಿರು ಉಂಟು.” ಸಂಜೆಗೆ ಅವಳು ಅತ್ತಳು. ಅಂಥ ಸಂಗೀತ ನಾನು ಕೇಳಿಲ್ಲ.

ನೀರು ಇಳಿಯಿತು. ಅಲ್ಲಲ್ಲಿ ತೇಪೆ ಹಾಕಿಕೊಂಡು ದುರ್ಗಾಪೂಜೆಯೂ ಆಯಿತು. ಸಿಸ್ಟರ್ ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ದವಾಖಾನೆಗೆ ಹೋದರೆ ಗೌರಿಯನ್ನು ತೂಕ ಮಾಡಿ ಬರೆದುಕೊಳ್ಳುವರು, ಮುಂಚಿನ ಹಾಗೆ ಎತ್ತಿ ಆಡಿಸುತ್ತಿರಲಿಲ್ಲ. ಏನೋ ತಪ್ಪು ಮಾಡಿದೆನಾ, ಕಾಯಿಸದ ನೀರಿನ ವಿಷಯ ಅವರಿಗೆ ಗೊತ್ತಾಯಿತಾ, ಅಂತ ನನಗೆ ಒಳಗೊಳಗೇ ಕೊರೆತ.

ಫೆಬ್ರವರಿ ಕೊನೆಯಲ್ಲಿ, ಅವರ ಉಪವಾಸದ ಕಾಲ ಶುರುವಾಗುವ ವಿಭೂತಿ ಬುಧವಾರದ ಹಿಂದಿನ ಮಧ್ಯಾಹ್ನ, ಅವರೇ ಮನೆಗೆ ಬಂದರು. ಅತ್ತೆ ಒಳಗೆ ಮಲಗಿದ್ದರು. ಸಿಸ್ಟರ್ ಕುರ್ಚಿಯ ತುದಿಯಲ್ಲಿ ಕೂತರು.

“ವನಮಾಲಾ, ನಾನು ನಿನ್ನ ಹತ್ತಿರ ಒಂದು ಹೇಳ್ಲಿಕ್ಕುಂಟು. ಆ ದಿನ ನೀನು ಅಡುಗೆಮನೆಯಲ್ಲಿದ್ದಾಗ ನಾನು ಗೌರಿಗೆ ಜ್ಞಾನಸ್ನಾನ ಕೊಟ್ಟೆ.”

ನನಗೆ ತಕ್ಷಣ ತಿಳಿಯಲಿಲ್ಲ. ಅವರು ಬಿಡಿಸಿ ಹೇಳಿದರು. ಕೂಸು ಸಾಯುತ್ತಿದೆ ಅನ್ನಿಸಿದರೆ ಪಾದ್ರಿಗಳೇ ಬರಬೇಕೆಂದಿಲ್ಲ, ಯಾರು ಬೇಕಾದರೂ ಹಣೆಯ ಮೇಲೆ ನೀರು ಹಾಕಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ಹೆಸರು ಹೇಳಿ ಅದನ್ನು ಕ್ರೈಸ್ತರಿಗೆ ಸೇರಿಸಿಕೊಳ್ಳಬಹುದು. ಅದು ಅವರ ಧರ್ಮದಲ್ಲಿ ಒಪ್ಪಿಗೆ. ಆದರೆ ತಂದೆತಾಯಿ ಕೇಳದೆ ಪರರ ಕೂಸಿಗೆ ಈ ಮನೆಯಲ್ಲಿ ಯಾರೂ ಹಾಗೆ ಮಾಡಕೂಡದು ಎಂದು ಆ ಮನೆಯ ಮುಖ್ಯಸ್ಥೆ ಮದರ್ ಲಿಯೊನಾರ್ಡಾ ಮೂರು ವರ್ಷದ ಹಿಂದೆಯೇ ಕಟ್ಟಪ್ಪಣೆ ಮಾಡಿದ್ದರು.

“ಫಾದರಿಗೆ ಹೇಳಿದೆ. ಅವರು ಇದು ಪಾಪವೇ ಅಲ್ಲ, ಚರ್ಚಿನ ಪುಸ್ತಕದಲ್ಲಿ ಬರೆಸಿ ಅಂದ್ರು. ನಾನು ಬರೆಸಲಿಲ್ಲ. ಪಾಪ ಅಲ್ಲ ಅಂದ್ರೆ ಮುಗೀತಾ? ನಿನ್ನ ಅತ್ತೆಗೆ ಮಾತು ಕೊಟ್ಟವಳು ನಾನು. ಅಕ್ಟೋಬರಿನಿಂದ ಪೂಜೆಯಲ್ಲಿ ಫಾದರ್ ಕೊಡುವ ಪರಮಪ್ರಸಾದ ತಗೊಂಡಿಲ್ಲ. ಎಲ್ಲರೂ ಎದ್ದು ಹೋಗ್ತಾರೆ, ನಾನು ಬೆಂಚಿನಲ್ಲೇ ಕೂತಿರ್ತೇನೆ. ಯಾರೂ ಕೇಳುವುದಿಲ್ಲ, ಎಲ್ಲರೂ ನೋಡ್ತಾರೆ. ಯಾರಿಗಾದ್ರೂ ನಿನ್ನ ಮೇಲೆ ಮನಸ್ಸಿನಲ್ಲಿ ಏನಾದ್ರೂ ಇದ್ರೆ ಮೊದಲು ಅವರ ಮನೆಗೆ ಹೋಗು, ಆಮೇಲೆ ನನ್ನ ಹತ್ತಿರ ಬಾ ಅಂತ ನಮ್ಮ ಸ್ವಾಮಿ ಹೇಳಿದ್ದಾರೆ. ನಲವತ್ತು ವರ್ಷ ಓದಿದ್ದೇನೆ ಅದನ್ನ. ನಿನ್ನ ಮನೆ ಇಷ್ಟು ಹತ್ತಿರ. ಐದು ತಿಂಗಳು ಬೇಕಾಯ್ತು ಬರ್ಲಿಕ್ಕೆ.”

ಅವರು ಇಷ್ಟೆಲ್ಲ ಹೇಳುತ್ತಿರುವಾಗ ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆ. ನೀರೂ ಅಲ್ಲ, ಜಾತಿಯೂ ಅಲ್ಲ.

“ಸಿಸ್ಟರ್, ಹಾಗಾದ್ರೆ ಅವಳ ಉಸಿರು ನಿಂತಿತ್ತಾ?”

ಅವರು ತಲೆ ತಗ್ಗಿಸಿದರು. “ನಿಂತಿತ್ತು. ಎಷ್ಟು ಹೊತ್ತು ಅಂತ ಕೇಳ್ಬೇಡ. ಆಮೇಲೆ ಬೆನ್ನು ಉಜ್ಜಿದೆ, ಬಾಯಿಗೆ ಊದಿದೆ. ಮೊದಲು ಅದನ್ನು ಮಾಡ್ಬೇಕಿತ್ತು. ನಾನು ಮೊದಲು ನೀರು ಹಾಕಿದೆ. ಅದನ್ನೂ ನಿನಗೆ ಹೇಳ್ಬೇಕು ಅಂತಲೇ ಬಂದದ್ದು.”

ನಾನು ಒಳಗೆ ಓಡಿ ಮಲಗಿದ್ದ ಗೌರಿಯ ಮೂಗಿನ ಕೆಳಗೆ ಬೆರಳಿಟ್ಟು ನೋಡಿ ಬಂದೆ. ಅಷ್ಟರಲ್ಲಿ ಸಿಸ್ಟರ್ ಬಾಗಿಲಲ್ಲಿದ್ದರು. “ಏನು ಹೆಸರಿಟ್ಟಿರಿ?” ಎಂದು ಕೇಳಿದೆ. ಯಾಕೆ ಕೇಳಿದೆನೋ.

“ಬೇರೆ ಇಡ್ಲಿಲ್ಲ. ಗೌರಿ ಅಂತಲೇ ಹೇಳಿದೆ. ಅವಳಿಗೆ ಹೆಸರಿತ್ತಲ್ಲ.”

‘ಇರಲಿ ಬಿಡಿ’ ಎಂಬ ಒಂದು ಮಾತು ನಾನು ಆಗ ಅನ್ನಲಿಲ್ಲ. ಅವರು ಅದಕ್ಕಾಗಿ ಒಂದು ನಿಮಿಷ ನಿಂತೇ ಇದ್ದರು.

ಭಯವನ್ನು ಒಬ್ಬಳೇ ಇಟ್ಟುಕೊಂಡಿರಲು ನನಗೆ ಬರುವುದಿಲ್ಲ. ಸಂಜೆ ಅತ್ತೆಯ ಮಡಿಲಲ್ಲಿ ತಲೆಯಿಟ್ಟು, ಗೌರಿಯ ಉಸಿರು ನಿಂತಿತ್ತಂತೆ ಅತ್ತೆ, ಅದಕ್ಕೇ ಸಿಸ್ಟರ್ ನೀರು ಹಾಕಿದರಂತೆ, ಎಂದು ಎಲ್ಲ ಹೇಳಿಬಿಟ್ಟೆ. ನಾನು ಹೇಳಿದ್ದು ಉಸಿರಿನ ವಿಷಯ. ಅತ್ತೆಯ ಕಿವಿಗೆ ಬಿದ್ದದ್ದು ನೀರು.

“ಮಾತು ಕೊಟ್ಟಿದ್ದಳು ನನಗೆ! ನನ್ನ ಊರಿನವಳು ಅಂತ ನಂಬಿದೆನಲ್ಲ.”

ಅವರು ಬೈದದ್ದಕ್ಕಿಂತ ಅತ್ತದ್ದು ಹೆಚ್ಚು. ಮರುದಿನ ಪಂಚಗವ್ಯಕ್ಕೆ ಹುಡುಕಾಡಿಸಿದರು. ಕೆಲಸದವಳಿಗೆ ತಮ್ಮ ಹರಕು ಹಿಂದಿಯಲ್ಲಿ, ನಿನ್ನ ಮಕ್ಕಳನ್ನು ಆ ಮನೆಗೆ ಕರಕೊಂಡು ಹೋಗಬೇಡ, ಅಲ್ಲಿ ಹೀಗೆ ಮಾಡುತ್ತಾರೆ, ಎಂದು ಎಚ್ಚರಿಕೆ ಹೇಳಿದರು. ಅವಳು ಬಸ್ತಿಯವಳು.

ವಾರದೊಳಗೆ ದವಾಖಾನೆಯ ಬೆಂಚುಗಳು ಖಾಲಿಯಾದವು. ನಾನು ಅತ್ತೆಗೆ ಹೇಳದೆ, ಗೌರಿಯ ಚುಚ್ಚುಮದ್ದಿನ ನೆಪ ಇಟ್ಟುಕೊಂಡು ಅಲ್ಲಿಗೆ ಹೋದೆ. ನಿಜವಾಗಿ ಹೋದದ್ದು ‘ಇರಲಿ ಬಿಡಿ’ ಅನ್ನಲಿಕ್ಕೇ. ಅಲ್ಲಿ ಸಿಸ್ಟರಿನ ಮೇಜಿನ ಮುಂದೆ ಬಸ್ತಿಯ ಒಬ್ಬ ಹೆಂಗಸು ನಿಂತಿದ್ದಳು. ಕಲ್ಲಿದ್ದಲು ಆಯ್ದು ಮಾರುವವಳು, ಕೈಯೆಲ್ಲ ಕಪ್ಪು. ಅವಳ ಗಂಡುಮಗು ನಾಲ್ಕು ವರ್ಷದ ಹಿಂದೆ ಈ ದವಾಖಾನೆಯಲ್ಲೇ ತೀರಿಹೋಗಿತ್ತು. ಅಷ್ಟು ಬಂಗಾಳಿ ನನಗೆ ಆಗ ಬರುತ್ತಿತ್ತು.

“ನನ್ನ ಬಾಪಿಗೂ ಹಾಕಿದ್ಯಾ ನೀರು?”

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ನೋಡಿದವರು ಯಾರೂ ಇರಲಿಲ್ಲ. ಅದು ಮದರಿನ ಕಟ್ಟಪ್ಪಣೆಗೂ ಮೊದಲಿನ ಮಾತು.

“ಹಾಕಿದ್ದೆ” ಅಂದರು ಸಿಸ್ಟರ್.

“ಏನು ಹೆಸರಿಟ್ಟೆ?”

“ಜೋಸೆಫ್.”

ಆ ಹೆಂಗಸು ಕೂಗಾಡುತ್ತಾಳೆ ಎಂದು ನಾನು ಕೂಸನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಕೂಗಲಿಲ್ಲ. “ಅವನ ಹೆಸರು ಬಾಪಿ. ಅಲ್ಲಿ ಯಾರಾದ್ರೂ ಜೋಸೆಫ್ ಅಂತ ಕರೆದ್ರೆ ಅವನು ತಿರುಗಿ ನೋಡಲ್ಲ. ಕರೀತಾನೇ ಇರ್ತಾರೆ, ಅವನು ಒಬ್ಬನೇ ಕೂತಿರ್ತಾನೆ.” ಅಷ್ಟು ಹೇಳಿ ಹೋದಳು.

ಸಿಸ್ಟರ್ ಮೇಜಿನ ಮೇಲಿದ್ದ ಹತ್ತಿಯನ್ನು ಸಣ್ಣ ಸಣ್ಣ ಉಂಡೆ ಮಾಡಿ ಡಬ್ಬಿಗೆ ತುಂಬುತ್ತಾ ಕೂತರು. ನನ್ನ ಕಡೆ ನೋಡಲಿಲ್ಲ. ನಾನು ಹೇಳಬೇಕೆಂದು ಬಂದ ಮಾತು ಹೇಳದೆ ಕೂಸನ್ನು ಎತ್ತಿಕೊಂಡು ಹೊರಟೆ. ಆ ಹೊತ್ತಿನಲ್ಲಿ ‘ಇರಲಿ ಬಿಡಿ’ ಅನ್ನಲು ನಾನು ಯಾರು?

ಆಮೇಲೆ ನಮ್ಮ ಕೇರಿಯ ಕಮ್ಯುನಿಸ್ಟ್ ಪಾರ್ಟಿ ಆಫೀಸಿನಿಂದ ಒಬ್ಬರು ಮೇಷ್ಟ್ರು ಮದರನ್ನು ನೋಡಲು ಬಂದರಂತೆ. ಮರ್ಯಾದಸ್ಥರು. ಚಹಾ ಕುಡಿದು, “ನೋಡಿ ದೀದಿ, ನಮಗೆ ದೇವರೇ ಇಲ್ಲ. ಯಾರು ಯಾವ ನೀರು ಹಾಕಿದರೂ ನಮಗೆ ಒಂದೇ. ಆದರೆ ಜನ ಮಾತಾಡುತ್ತಾರೆ. ದವಾಖಾನೆ ನಡೆಯಬೇಕಲ್ಲವೇ?” ಎಂದು ಹೇಳಿ ಹೋದರಂತೆ.

ಇದನ್ನು ನನಗೆ ಹೇಳಿದವರು ಮದರ್ ಲಿಯೊನಾರ್ಡಾ. ಗೋವಾದವರು, ಒಣಕಲು ಹೆಂಗಸು, ಇಂಗ್ಲಿಷಿನಲ್ಲಿ ಅಳೆದು ಮಾತಾಡುವವರು. ಮಾರ್ಚ್ ಮೊದಲ ವಾರದ ಕೊನೆಯಲ್ಲಿ ನನ್ನನ್ನು ಕರೆಸಿದರು. ಮೊದಲ ಶುಕ್ರವಾರ ಸಿಸ್ಟರ್ ಎಲ್ಲರೆದುರು ಮೊಣಕಾಲೂರಿ ಗೌರಿಯದನ್ನೂ ಬಾಪಿಯದನ್ನೂ ಹಳೆಯ ಇನ್ನೂ ಏಳೆಂಟು ಕೂಸುಗಳದನ್ನೂ ಹೆಸರು ಹಿಡಿದು ಹೇಳಿದ್ದರಂತೆ. ಮೇಲಿನವರಿಗೆ ಸುದ್ದಿ ಹೋಗಿತ್ತು. ಮೇ ತನಕ ಕಾಯದೆ ಈಗಲೇ ಬೇರೆ ಕಡೆ ಹಾಕುವ ಯೋಚನೆ.

“ನಾನು ಅವರನ್ನು ಇಟ್ಟುಕೊಳ್ಳಲು ನೋಡುತ್ತೇನೆ” ಎಂದರು ಮದರ್. “ಅವರಿಗೆ ಐವತ್ತೆಂಟು. ಸೊಂಟ ನೋವು. ಹೊಸ ಜಾಗಕ್ಕೆ ಹೋದರೆ ಬಾಳುವುದಿಲ್ಲ. ಆದರೆ ನನ್ನ ಕೈಯಲ್ಲಿ ಏನಾದರೂ ಇರಬೇಕಲ್ಲ. ನೀವು ಕೂಸಿನ ತಾಯಿ. ‘ಈ ಸಿಸ್ಟರಿನ ಮೇಲೆ ನನಗೆ ಯಾವ ದೂರೂ ಇಲ್ಲ’ ಎಂದು ಒಂದು ಸಾಲು ಬರೆದುಕೊಡಿ. ಸಹಿ ಹಾಕಿ. ಅಷ್ಟು ಸಾಕು.”

“ಬರ್ಕೊಡ್ತೀನಿ” ಎಂದೆ. “ನಾಳೆ ತಂದುಕೊಡ್ತೀನಿ.”

ಆ ಒಂದು ಸಾಲು ಬರೆಯಲು ನನಗೆ ಎಷ್ಟು ದಿನ ಹಿಡಿಯಿತು ಎಂದು ಬರೆಯಲು ಈಗ ಕೈ ಬರುವುದಿಲ್ಲ. ಹತ್ತು ದಿನ. ಮೊದಲ ದಿನ ಅತ್ತೆ ಎದುರಿಗೇ ಇದ್ದರು. ಎರಡನೆಯ ದಿನ ಬರೆದೆ, ಹರಿದೆ. ದೂರಿಲ್ಲ ಎಂದರೆ ನಾನೇ ಒಪ್ಪಿ ಮಾಡಿಸಿದ ಹಾಗೆ ಆಗುವುದಿಲ್ಲವೇ? ಆ ಕಾಗದ ಎಲ್ಲೋ ಕಪಾಟಿನಲ್ಲಿ ಉಳಿದು, ನಾಳೆ ಗೌರಿಯ ಮದುವೆಯ ಹೊತ್ತಿಗೆ ಯಾರ ಕೈಗಾದರೂ ಸಿಕ್ಕರೆ? ಆರು ತಿಂಗಳ ಕೂಸಿನ ಮದುವೆಗೆ ಹೆದರಿದವಳು ನಾನು. ಇವರನ್ನು ಕೇಳಿದೆ.

“ಬರಿ, ಅದಕ್ಕೇನಂತೆ? ಕೂಸು ಉಳೀತಲ್ಲ” ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಅಮ್ಮ ಊರಿಗೆ ಹೋದ ಮೇಲೆ ಬರಿ. ಈಗ ಯಾಕೆ ಮನೇಲಿ ರಾದ್ಧಾಂತ” ಅಂದರು.

ಅತ್ತೆಯ ಟಿಕೆಟ್ಟು ಮುಂದಿನ ವಾರಕ್ಕಿತ್ತು. ಕಾಯೋಣ ಎನಿಸಿತು. ಅಷ್ಟು ದಿನದಲ್ಲಿ ಏನಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಅತ್ತೆಯನ್ನು ಹಾವ್ಡಾದಲ್ಲಿ ರೈಲು ಹತ್ತಿಸಿ ಬಂದು, ಬೆಳಗ್ಗೆ ಎದ್ದವಳೇ ಬರೆದೆ. ಒಂದೇ ಸಾಲು, ಇಂಗ್ಲಿಷಿನಲ್ಲಿ, ಸಹಿ, ತಾರೀಖು. ಗೌರಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋದೆ.

ದವಾಖಾನೆಯಲ್ಲಿ ಬೇರೆ ಸಿಸ್ಟರ್ ಕೂತಿದ್ದರು, ಚಿಕ್ಕ ವಯಸ್ಸಿನವರು. ಬೆಂಚಿನ ತುಂಬ ಜನ. ಮದರ್ ಬಾಗಿಲಿಗೆ ಬಂದು ನನ್ನ ಕೈಯಲ್ಲಿದ್ದ ಕಾಗದ ನೋಡಿದರು, ತೆಗೆದುಕೊಳ್ಳಲಿಲ್ಲ.

“ನಿನ್ನೆ ಸಂಜೆಯ ಗಾಡಿಗೆ ಹೋದರು. ಚಾಯಿಬಾಸಾ ಕಡೆ, ಕಾಡಿನಲ್ಲಿ ನಮ್ಮದೊಂದು ಮನೆ ಇದೆ.”

“ನನ್ನ ಬಗ್ಗೆ ಏನಾದ್ರೂ...”

“ನಾಲ್ಕು ದಿನ ಬಾಗಿಲಿನ ಗಂಟೆಯಾದಾಗಲೆಲ್ಲ ಅವರೇ ಎದ್ದು ಹೋಗಿ ತೆರೆಯುತ್ತಿದ್ದರು. ಆಮೇಲೆ ಬಿಟ್ಟರು.” ಸ್ವಲ್ಪ ತಡೆದು, “ಕಾಗದವನ್ನು ಅವರಿಗೆ ಕಳಿಸಲೇ? ನಿಯಮದ ಪ್ರಕಾರ ನಾನು ಓದಿ ಕಳಿಸಬೇಕಾಗುತ್ತದೆ” ಎಂದರು.

ಕೊಡಬೇಕಿತ್ತು. ಕೊಟ್ಟಿದ್ದರೆ ಅವರಿಗೆ ಅಷ್ಟಾದರೂ ಸಿಗುತ್ತಿತ್ತು. ಆದರೆ ಇಲ್ಲಿ ಉಳಿಸದ ಕಾಗದ ಅಲ್ಲಿಗೆ ಹೋಗಿ ಏನು ಮಾಡುತ್ತದೆ ಎಂದು ನಾಚಿಕೆಯಾಯಿತು. ಬೇರೆ, ದೊಡ್ಡದಾಗಿ ಬರೆದು ಕಳಿಸುತ್ತೇನೆ ಎಂದು ವಿಳಾಸ ಬರೆಸಿಕೊಂಡು ಬಂದೆ. ದೊಡ್ಡದಾಗಿ ಬರೆಯುವುದು ಅಂದರೆ ಮುಂದೂಡುವುದು ಅಂತಲೇ ಅರ್ಥ. ಗೌರಿಗೆ ದಡಾರವಾಯಿತು, ಹಲ್ಲು ಬಂತು, ನಾನು ಮತ್ತೆ ಬಸುರಿಯಾದೆ.

ಎಂಬತ್ತೊಂದರ ಆಗಸ್ಟಿನಲ್ಲಿ ಮದರ್ ಒಂದು ಕಾರ್ಡು ಕಳಿಸಿದರು. ಸಿಸ್ಟರ್ ಅಪೊಲೊನಿಯಾ ಮಲೇರಿಯಾ ನೆತ್ತಿಗೇರಿ ನಾಲ್ಕು ದಿನ ಮಲಗಿ ಹೋದರು. ಆ ಕಾಡಿನ ಮನೆಯ ಹಿಂದೆಯೇ ಮಣ್ಣು ಮಾಡಿದರು. ಅಲ್ಲಿ ಹೋದ ಮೇಲೆ ಪರಮಪ್ರಸಾದ ತೆಗೆದುಕೊಳ್ಳುತ್ತಿದ್ದರಾ ಎಂದು ನಾನು ಮದರನ್ನು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಅಂಥ ಪ್ರಶ್ನೆ ಕೇಳಬಾರದೋ ಏನೋ.

ಅತ್ತೆಗೆ ತಿಳಿಸಿದಾಗ ಅವರು ಬರೆದ ಉತ್ತರ ನನ್ನ ಹತ್ತಿರ ಇದೆ. “ಅವಳ ಮೇಲೆ ನನಗೆ ಸಿಟ್ಟಿತ್ತು. ಕೂಸನ್ನು ಉಳಿಸಿದವಳೂ ಅವಳೇ. ಅವಳು ಹೇಳದೆ ಇದ್ದಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ. ಯಾಕೆ ಬಂದು ಹೇಳಿದಳೋ.”

ಈಗ ಮದರ್ ಲಿಯೊನಾರ್ಡಾ ಕೂಡ ಇಲ್ಲಿಲ್ಲ, ಅವರಿಗೂ ಮೇ ತಿಂಗಳ ಕಾಗದ ಬಂತು. ಹೊಸ ಮದರಿಗೆ ನಾನು ಯಾರೆಂದು ಗೊತ್ತಿಲ್ಲ. ಹೋದ ತಿಂಗಳು, ಸಿಸ್ಟರ್ ತೀರಿಕೊಂಡ ತಾರೀಖಿನ ಮಧ್ಯಾಹ್ನ, ಹನ್ನೆರಡಕ್ಕೆ ಸರಿಯಾಗಿ ಹಳದಿ ಮನೆಗೆ ಹೋದೆ. ಗೌರಿಗೆ ಈಗ ಆರು ವರ್ಷ, ಶಾಲೆಯಿಂದ ಕರೆದುಕೊಂಡು ನೇರ ಅಲ್ಲಿಗೇ ಹೋದದ್ದು. ಬಾಗಿಲು ತೆಗೆದ ಸಿಸ್ಟರ್, ಊಟದ ಹೊತ್ತು, ಕಾಯಬೇಕಾಗುತ್ತದೆ ಎಂದರು. ಕಾಯುತ್ತೇವೆ ಎಂದೆ.

ಹೊರಗಿನ ಕೋಣೆಯಲ್ಲಿ ಕೂತೆವು. ಊಟದ ಕೋಣೆಯ ಬಾಗಿಲಿಗೆ ಪರದೆ ಮಾತ್ರ. ಒಳಗೆ ಕುರ್ಚಿಗಳನ್ನು ಎಳೆದ ಸದ್ದು, ಆಮೇಲೆ ಮೌನ.

“ಅಮ್ಮ, why are we here? ಹಸಿವು” ಅಂದಳು ಗೌರಿ.

“ಶ್, ಒಂದು ನಿಮಿಷ.”

ಒಳಗೆ ಒಬ್ಬರು ಇಂಗ್ಲಿಷಿನಲ್ಲಿ ಓದಿದರು. ಮೊದಲು ಯಾರೋ ಹಳೆಯ ಕಾಲದ ಒಬ್ಬ ವಿದೇಶೀ ಸಿಸ್ಟರಿನ ಹೆಸರು. ಆಮೇಲೆ ಅದೇ ಧ್ವನಿಯಲ್ಲಿ: ಸಿಸ್ಟರ್ ಅಪೊಲೊನಿಯಾ, ಹುಟ್ಟಿದ್ದು ಮೂಡುಬೆಳ್ಳೆ. ತೀರಿಕೊಂಡದ್ದು ಚಾಯಿಬಾಸಾ ಹತ್ತಿರ. ವಯಸ್ಸು ಅರವತ್ತೊಂದು. ಹುಟ್ಟೂರಿನ ಹೆಸರನ್ನು ತಪ್ಪಾಗಿ ಉಚ್ಚರಿಸಿದರು.

ನನ್ನ ಚೀಲದಲ್ಲಿ ಆ ಒಂದು ಸಾಲಿನ ಹಳೆಯ ಕಾಗದ ಇತ್ತು. ಯಾರಿಗೆ ಕೊಡಲಿ ಎಂದು ತಂದಿದ್ದೆನೋ. ಗೌರಿ ನನ್ನ ತೋಳಿಗೆ ಒರಗಿ ಅಲ್ಲೇ ಕಣ್ಣು ಮುಚ್ಚಿದ್ದಳು. ನನ್ನ ಬೆರಳು ತಾನಾಗಿ ಅವಳ ಮೂಗಿನ ಕೆಳಗೆ ಹೋಯಿತು. ಒಳಗೆ ಚಮಚಗಳ ಸದ್ದು ಶುರುವಾಯಿತು.